ಪಾಚಿ ಕೊಲ್ಲುವ ಮುನ್ನ ನೀರು ನೋಡಿ

ಮೊದಲ ಸಂಬಳ ಕೈಗೆ ಬಂದ ಖುಷಿಗೆ ಎರಡು ಕ್ಲೌನ್ ಮೀನು ತಂದು, ಮನೆಯಲ್ಲೇ ಉಪ್ಪುನೀರಿನ ಅಕ್ವೇರಿಯಂ ಕಟ್ಟಿಕೊಳ್ಳುವ ಯುವಕರಿದ್ದಾರೆ. ಒಳ್ಳೆಯ ಹವ್ಯಾಸವೇ. ಆದರೆ ಕೆಲವೇ ವಾರಗಳಲ್ಲಿ ಗಾಜಿಗೆ ಕಂದು ಪದರ, ಕಲ್ಲಿಗೆ ಹಸಿರು ಕೂದಲು, ಮರಳಿನ ಮೇಲೆ ಕೆಂಪು ಲೋಳೆ ಕಾಣಿಸುತ್ತದೆ. ಆಗ ಹೆಚ್ಚಿನವರು ಹುಡುಕುವುದು ಪಾಚಿನಾಶಕದ ಬಾಟಲಿಯನ್ನು.

ಔಷಧಿ ಹಾಕಿದರೆ ಪಾಚಿ ಸಾಯಬಹುದು. ಆದರೆ ಸತ್ತ ಪಾಚಿ ಅದೇ ನೀರಿನಲ್ಲಿ ಕೊಳೆಯುತ್ತದೆ, ಆಮ್ಲಜನಕ ಕುಸಿಯುತ್ತದೆ, ಮೀನಿನ ಜೀವಕ್ಕೇ ಕುತ್ತು ಬರುತ್ತದೆ. ಕೊಳೆತದ್ದು ಗೊಬ್ಬರವಾಗಿ ಪಾಚಿ ಮತ್ತೆ ಚಿಗುರುತ್ತದೆ.

ಮೂಲ ಕಾರಣ ಇರುವುದು ನೀರಿನಲ್ಲಿ. ಉಳಿದ ಆಹಾರ ಮತ್ತು ಮೀನಿನ ಮಲದಿಂದ ನೈಟ್ರೇಟ್, ಫಾಸ್ಫೇಟ್ ಹೆಚ್ಚುತ್ತವೆ. ನಲ್ಲಿ ಅಥವಾ ಬೋರ್‌ವೆಲ್ ನೀರು ಬಳಸಿದರೆ ಅವು ಇನ್ನಷ್ಟು ಸೇರಬಹುದು. ಹೊಸ ತೊಟ್ಟಿಯ ಕಂದು ಪದರ ಡಯಾಟಮ್. ನೀರಿನ ಸಿಲಿಕೇಟ್ ಮುಗಿದರೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಕೆಂಪು ಲೋಳೆ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಅದಕ್ಕೆ ಆ್ಯಂಟಿಬಯೋಟಿಕ್ ಸುರಿದರೆ ನೀರನ್ನು ಶುಚಿಯಾಗಿಡುವ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬೀಳಬಹುದು.

ಹಾಗಾದರೆ ಏನು ಮಾಡಬೇಕು? ಉಪ್ಪು ಬೆರೆಸಲು ಆರ್‌ಒ ನೀರನ್ನೇ ಬಳಸಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಆಹಾರ ಹಾಕಿ. ದೀಪವನ್ನು ದಿನಕ್ಕೆ ಎಂಟು ಗಂಟೆಗೆ ಇಳಿಸಿ. ಹಸಿರು ಕೂದಲನ್ನು ಕೈಯಿಂದ ಕಿತ್ತು ಹೊರಗೆ ತೆಗೆಯಿರಿ. ವಾರಕ್ಕೆ ಶೇ 10ರಷ್ಟು ನೀರು ಬದಲಿಸಿ. ಪಾಚಿ ಮೇಯುವ ಬಸವನಹುಳುಗಳೂ ನೆರವಾಗುತ್ತವೆ. ಫಲ ಕಾಣಲು ವಾರಗಳೇ ಬೇಕು. ಕಾಯುವ ತಾಳ್ಮೆ ಇಲ್ಲದವರು ಮೀನು ತರುವ ಮುನ್ನವೇ ಯೋಚಿಸುವುದು ಲೇಸು.

ಕಿತ್ತ ಪಾಚಿಯನ್ನು ಎಲ್ಲಿ ಎಸೆಯುತ್ತೇವೆ ಎಂಬುದೂ ಮುಖ್ಯ. ಅಕ್ವೇರಿಯಂಗಳಲ್ಲಿ ಅಲಂಕಾರಕ್ಕೆ ಬೆಳೆಸುತ್ತಿದ್ದ ಕಾಲರ್ಪ ಟ್ಯಾಕ್ಸಿಫೋಲಿಯಾ ಎಂಬ ಪಾಚಿ 1984ರಲ್ಲಿ ಮೊನಾಕೊ ಕಡಲತೀರದಲ್ಲಿ ಕಾಣಿಸಿಕೊಂಡಿತು. ಮುಂದೆ ಅದು ಮೆಡಿಟರೇನಿಯನ್ ಸಮುದ್ರದಲ್ಲಿ ಸಾವಿರಾರು ಹೆಕ್ಟೇರ್‌ಗೆ ಹಬ್ಬಿತು. 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದೇ ಪಾಚಿ ಕಂಡಾಗ, ಅದರ ಮೇಲೆ ಟಾರ್ಪಾಲು ಹೊದಿಸಿ ಕ್ಲೋರಿನ್ ಹರಿಸಿದರು. ಪೂರ್ತಿ ನಿರ್ಮೂಲವಾಯಿತು ಎಂದು ಘೋಷಿಸಿದ್ದು 2006ರಲ್ಲಿ. ಪಾಚಿಯ ಒಂದು ತುಣುಕು ಸಾಕು, ಅದರಿಂದಲೇ ಹೊಸ ಗಿಡ ಬೆಳೆಯುತ್ತದೆ.

ಮಂಗಳೂರು, ಕಾರವಾರದ ಗೆಳೆಯರು ಇದನ್ನು ವಿಶೇಷವಾಗಿ ನೆನಪಿಡಬೇಕು. ಕಿತ್ತ ಪಾಚಿಯನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಕಸದ ಬುಟ್ಟಿಗೆ ಹಾಕಿ. ಚರಂಡಿಗೂ ಬೇಡ, ಕಡಲಿಗಂತೂ ಬೇಡವೇ ಬೇಡ.