ಮನೋವಿಪತ್ತಿನಲ್ಲಿ ಪ್ರಥಮೋಪಚಾರ

ಗಾಯಗೊಂಡವನಿಗೆ ಅರಿವೆಯ ಪಟ್ಟಿ ಕಟ್ಟಲು, ಹಾವು ಕಚ್ಚಿದವನನ್ನು ದವಾಖಾನೆಗೆ ಸಾಗಿಸಲು, ನೀರಿನಲ್ಲಿ ಮುಳುಗುತ್ತಿರುವವನನ್ನು ಮೇಲೆತ್ತಲು ನಮ್ಮ ಹಳ್ಳಿಗರು ಯಾರ ಅಪ್ಪಣೆಯನ್ನೂ ಕಾಯುವದಿಲ್ಲ. ಆದರೆ ಅದೇ ಹಳ್ಳಿಯಲ್ಲಿ ಒಬ್ಬನು ಊಟ ನಿದ್ರೆಗಳನ್ನು ತೊರೆದು, ಜನರ ಮೋರೆ ನೋಡಲೊಲ್ಲದೆ, ಇನ್ನು ಬದುಕಿ ಫಲವೇನೆಂದು ಆಡತೊಡಗಿದರೆ ನೆರೆಹೊರೆಯವರಿಗೆ ದಿಕ್ಕು ತೋಚದು. ಕೆಲವರು ಗದರಿಸುವರು, ಕೆಲವರು ಗಾಳಿ ಸೋಕಿತೆನ್ನುವರು, ಉಳಿದವರು ಪರರ ಮನೆಯ ಮಾತು ನಮಗೇಕೆಂದು ಸುಮ್ಮನಾಗುವರು. ನಮ್ಮ ಜನರು ನಿರ್ದಯರೆಂದು ಯಾರೂ ಹೇಳಲಾರರು. ಏನು ಮಾಡಬೇಕೆಂಬದನ್ನು ಅವರಿಗೆ ಕಲಿಸಿದವರಿಲ್ಲ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಮಳೆಯನ್ನೇ ನಂಬಿದ ತೊಗರಿಯ ನಾಡಿದು. ಮಳೆ ತಪ್ಪಿದರೆ ಬೆಳೆಯಿಲ್ಲ. ಭೀಮೆ ಉಕ್ಕಿದರೆ ದಂಡೆಯ ಹೊಲಗಳಿಲ್ಲ. ಎರಡೂ ಕೂಡಿಬಂದ ವರುಷ ಪೇಟೆಯಲ್ಲಿ ಧಾರಣೆಯಿಲ್ಲ. ಸಾಲವೊಂದೇ ತಪ್ಪದೆ ಬೆಳೆಯುವದು. ದುಡಿಯಬಲ್ಲವರು ಮುಂಬಯಿ, ಪುಣೆಗಳ ಹಾದಿ ಹಿಡಿದರೆ ಮನೆಯಲ್ಲಿ ಮುದುಕರೂ ಮಕ್ಕಳೂ ಉಳಿಯುವರು. ತೊಗರಿಯ ಕಾಯಿಕೊರಕ ಹುಳುವಿಗೆಂದು ತಂದ ವಿಷದ ಡಬ್ಬಿಯು ಮನೆಯ ಮೂಲೆಯಲ್ಲಿಯೇ ಇರುವದು. ನಿರಾಶೆಯ ಗಳಿಗೆ ಬಹುತರವಾಗಿ ಅಲ್ಪಕಾಲದ್ದು. ವಿಷವು ಕೈಗೆ ಸಿಕ್ಕರೆ ಅದೇ ಕೊನೆಯ ಗಳಿಗೆಯಾಗುವದು. 2022ರಲ್ಲಿ ಭಾರತದಲ್ಲಿ 1,70,000ಕ್ಕೂ ಹೆಚ್ಚು ಜನರು ಆತ್ಮಹತ್ಯೆ ಮಾಡಿಕೊಂಡರೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ಆ ಗಳಿಗೆಯಲ್ಲಿ ಮನೋವೈದ್ಯನು ಹತ್ತಿರವಿರಲಾರನು, ಇರುವವನು ನೆರೆಯವನು.

ಸಾಮಾನ್ಯರಿಗೆ ಇಂಥ ವಿದ್ಯೆಯನ್ನು ಕಲಿಸಬಹುದೆ ಎಂದು ಸಂಶಯಪಡುವವರಿಗೆ ಕನ್ನಡನಾಡೇ ಉತ್ತರ ಕೊಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿಯೇ ಸಕಲವಾರವೆಂಬ ಹಳ್ಳಿಯಲ್ಲಿ ಈ ಪ್ರಯೋಗಕ್ಕೆ ತೊಡಗಿತು. 1980ರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಗೆ ವ್ಯಾಪಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಾಮಾನ್ಯ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸುವ ಶಿಕ್ಷಣ ಕೊಡಲಾಯಿತು. 1996ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆಫ್ರಿಕೆಯ ಜಿಂಬಾಬ್ವೆಯಲ್ಲಿ ಡಾಕ್ಟರ ಡಿಕ್ಸನ್ ಚಿಬಾಂಡಾ ಅವರು 2006ರಿಂದ ಊರ ಅಜ್ಜಿಯರಿಗೇ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಅಂಗಳದ ಬಾಕಿನ ಮೇಲೆ ಕುಳಿತು ದುಃಖಿತರ ಮಾತು ಕೇಳುವ ಪದ್ಧತಿಯನ್ನು ನಡೆಸಿದ್ದಾರೆ; ಅದರಿಂದ ಜನರಿಗೆ ಗುಣವಾದದ್ದು ಪರೀಕ್ಷೆಯಿಂದ ಸಿದ್ಧವಾಗಿದೆ. ಬಳ್ಳಾರಿಯಲ್ಲಿ ಸಾಧ್ಯವಾದದ್ದು, ಜಿಂಬಾಬ್ವೆಯ ಅಜ್ಜಿಯರಿಗೆ ಸಾಧ್ಯವಾದದ್ದು ಜೇವರ್ಗಿಯ ಆಶಾ ಕಾರ್ಯಕರ್ತೆಗೆ ಏಕೆ ಸಾಧ್ಯವಾಗದು?

ಕಲಿಸಬೇಕಾದದ್ದು ಬಹಳವಿಲ್ಲ. ಮನುಷ್ಯನ ನಡೆನುಡಿ ಬದಲಾದದ್ದನ್ನು ಗಮನಿಸುವದು. ಅವನನ್ನು ಏಕಾಂತದಲ್ಲಿ ಕೂಡ್ರಿಸಿ, ಉಪದೇಶಕ್ಕೆ ತೊಡಗದೆ ಅವನ ಮಾತನ್ನು ಪೂರ್ತಿಯಾಗಿ ಕೇಳುವದು. ಸಾಯುವ ವಿಚಾರ ಬಂದಿದೆಯೆ ಎಂದು ನೇರವಾಗಿ ಕೇಳುವದು. ಹೀಗೆ ಕೇಳಿದರೆ ಇಲ್ಲದ ವಿಚಾರವನ್ನು ತಲೆಯಲ್ಲಿ ಹಾಕಿದಂತಾಗುವದೆಂಬ ಅಂಜಿಕೆಗೆ ಆಧಾರವಿಲ್ಲ. ಬಂದಿದೆಯೆಂದರೆ ವಿಷ, ಹಗ್ಗಗಳನ್ನು ದೂರವಿರಿಸಿ, ಅವನನ್ನು ಒಂಟಿಯಾಗಿ ಬಿಡದೆ, ವೈದ್ಯರ ಬಳಿಗೆ ಒಡಗೂಡಿ ಹೋಗುವದು. ಹಗಲಿರುಳೂ ಉಚಿತವಾಗಿ ಮಾತಾಡಲು 2022ರಲ್ಲಿ ಏರ್ಪಟ್ಟ ಟೆಲಿ ಮಾನಸ್ ದೂರವಾಣಿಯ 14416 ಎಂಬ ಸಂಖ್ಯೆಯು ಪ್ರತಿಯೊಂದು ಶಾಲೆ, ಪಂಚಾಯತಿ, ಸಹಕಾರಿ ಸಂಘದ ಗೋಡೆಯ ಮೇಲೆ ಕಾಣಬೇಕು.

ಯಾರಿಗೆ ಕಲಿಸಬೇಕು? ಜನರು ಸಹಜವಾಗಿ ಯಾರ ಬಳಿಗೆ ಹೋಗುವರೋ ಅವರಿಗೆ: ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು, ಸ್ತ್ರೀಯರ ಸ್ವಸಹಾಯ ಸಂಘಗಳು, ಸಾಲ ಕೊಡುವ ಸಂಘದ ಕಾರ್ಯದರ್ಶಿ, ಕೀಟನಾಶಕ ಮಾರುವ ಅಂಗಡಿಕಾರ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ದತ್ತಸನ್ನಿಧಿಗೆ, ಭೂತಬಾಧೆಯಾಯಿತೆಂದು ನಂಬಿ ದೂರದೂರದಿಂದ ತಮ್ಮವರನ್ನು ಕರೆತರುವವರು ಇದ್ದಾರೆ. ಅವರ ಭಕ್ತಿಯನ್ನು ಹಳಿಯುವದು ನಮ್ಮ ಉದ್ದೇಶವಲ್ಲ. ಗುಜರಾತದ ಮೀರಾ ದಾತಾರ ದರ್ಗೆಯಲ್ಲಿ ಪ್ರಾರ್ಥನೆಯ ಜತೆಗೆ ಔಷಧವೂ ಸಿಕ್ಕುವ ಏರ್ಪಾಡು ನಡೆದಿದೆ. ಅಲ್ಲಿಯ ಮುಜಾವರರಂತೆ ಇಲ್ಲಿಯ ಅರ್ಚಕರೂ, ನಮ್ಮ ಮಠ ದರ್ಗೆಗಳ ಹಿರಿಯರೂ ಹರಕೆಯೊಡನೆ ವೈದ್ಯರನ್ನೂ ಕಾಣಿರೆಂದು ಒಂದು ಮಾತು ಹೇಳಿದರೆ, ನೂರು ಭಿತ್ತಿಪತ್ರಗಳಿಗಿಂತ ಅದರ ಬೆಲೆ ಹೆಚ್ಚು.

ಅಧಿಕಾರಿಗಳಿಗೂ ಕಾನೂನು ಸ್ಪಷ್ಟವಾದ ಹೊಣೆಯನ್ನು ಹೊರಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಮನಃಕ್ಲೇಶದಲ್ಲಿದ್ದನೆಂದೇ ಭಾವಿಸಬೇಕು; ಅವನಿಗೆ ಆರೈಕೆ ಒದಗಿಸುವದು ಸರಕಾರದ ಕರ್ತವ್ಯ. ಅದೇ ಕಾಯಿದೆಯು ರೋಗಿಯನ್ನು ಸರಪಳಿಯಿಂದ ಕಟ್ಟುವದನ್ನು ನಿಷೇಧಿಸಿದೆ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸಂಕೋಲೆಯಲ್ಲಿದ್ದ ರೋಗಿಗಳು ಓಡಲಾರದೆ ಸತ್ತದ್ದನ್ನು ದೇಶವು ಮರೆಯಬಾರದು. ಅಲೆಯುವ ರೋಗಿಯನ್ನು ಪೋಲೀಸರು ಹವಾಲಾತಿನಲ್ಲಿಡದೆ ಸರಕಾರಿ ದವಾಖಾನೆಗೆ ಒಯ್ಯಬೇಕೆಂಬದೂ ಕಾನೂನೇ. ಠಾಣೆಯ ಪೇದೆಗೆ ಇದು ಗೊತ್ತಿಲ್ಲದಿದ್ದರೆ ಕಾನೂನು ಪುಸ್ತಕದಲ್ಲಿಯೇ ಉಳಿಯುವದು.

ಒಂದು ಎಚ್ಚರಿಕೆಯ ಮಾತು ಅವಶ್ಯ. ಪ್ರಥಮೋಪಚಾರವು ಚಿಕಿತ್ಸೆಯಲ್ಲ. ಎರಡು ದಿನ ಕಲಿತವನು ತನ್ನನ್ನು ವೈದ್ಯನೆಂದು ಬಗೆದರೆ, ಅಥವಾ ಕೇಳಿದ ಗುಟ್ಟನ್ನು ಕಟ್ಟೆಯ ಮೇಲೆ ಆಡಿದರೆ, ಉಪಕಾರಕ್ಕೆ ಬದಲು ಅಪಕಾರವಾಗುವದು. ತಾಲೂಕು ಆಸ್ಪತ್ರೆಯಲ್ಲಿ ವೈದ್ಯರೂ ಗುಳಿಗೆಯೂ ಇಲ್ಲದಿದ್ದರೆ ತರಬೇತಿ ಪಡೆದವನು ರೋಗಿಯನ್ನು ಎಲ್ಲಿಗೆ ಒಯ್ಯಬೇಕು? ತರಬೇತಿಯ ನೆಪದಿಂದ ಸರಕಾರವು ತನ್ನ ಹೊಣೆಯನ್ನು ಬಡ ಆಶಾ ಕಾರ್ಯಕರ್ತೆಯ ಹೆಗಲಿಗೆ ದಾಟಿಸುವದನ್ನು ನಾವು ಸರ್ವಥಾ ಒಪ್ಪಲಾರೆವು. ಅವಳಿಗೆ ಈ ಕೆಲಸಕ್ಕೆ ತಕ್ಕ ಸಂಭಾವನೆ ಸಲ್ಲಬೇಕು.

ಆದುದರಿಂದ ಜಿಲ್ಲಾಡಳಿತವು ಈ ಮೂರು ತಾಲೂಕುಗಳ ಪ್ರತಿಯೊಂದು ಗ್ರಾಮ ಪಂಚಾಯತಿಯಿಂದ ಕೆಲವರನ್ನು ಆರಿಸಿ, ಕನ್ನಡದಲ್ಲಿ, ಅದೂ ಈ ಭಾಗದ ಜನರ ಆಡುಮಾತಿನಲ್ಲಿ ತರಬೇತಿ ಕೊಡಲಿ. ವರುಷಕ್ಕೊಮ್ಮೆ ಅದನ್ನು ಮರಳಿ ನೆನಪಿಸಲಿ. ಅವರು ಕರೆತಂದವರಿಗೆ ಆಸ್ಪತ್ರೆಯ ಬಾಗಿಲು ತೆರೆದಿರಲಿ. ಪಟ್ಟಣಗಳ ವಿದ್ಯಾವಂತರೂ ತಾವಾಗಿ ಈ ವಿದ್ಯೆಯನ್ನು ಕಲಿಯಲು ಮುಂದಾಗಬೇಕು. ಬರುವ ತೊಗರಿಯ ಸುಗ್ಗಿ ಹೇಗಾಗುವದೆಂಬದು ಯಾರ ಕೈಯಲ್ಲಿಯೂ ಇಲ್ಲ. ಸುಗ್ಗಿ ಕೆಟ್ಟವನ ಪಕ್ಕದಲ್ಲಿ ತಿಳಿದವನೊಬ್ಬನು ಕುಳಿತಿರುವಂತೆ ಮಾಡುವದು ಮಾತ್ರ ನಮ್ಮ ಕೈಯಲ್ಲಿಯೇ ಇದೆ.