ಮಂದಗತಿಯ ಎಸ್.ಎಸ್.ಡಿ.: ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ

ಗಣಕಯಂತ್ರ ಸ್ವಲ್ಪ ನಿಧಾನವಾದರೆ ಸಾಕು, "ಎಸ್.ಎಸ್.ಡಿ. ಹೋಯಿತು, ಹೊಸದು ಹಾಕಿಸಿ" ಎಂಬ ತೀರ್ಪು ಈಗ ಎಲ್ಲೆಡೆಯೂ ಸಿದ್ಧವಾಗಿರುತ್ತದೆ. ತೀರ್ಪು ಕೊಡುವವರು ಏನನ್ನೂ ಅಳೆದು ನೋಡಿರುವುದಿಲ್ಲ. ನಾಡಿ ಹಿಡಿಯದೆಯೇ ಔಷಧಿ ಬರೆಯುವ ವೈದ್ಯನನ್ನು ನಾವು ಒಪ್ಪುತ್ತೇವೆಯೆ? ವಿದ್ಯಾರ್ಥಿವೇತನದ ಹಣವನ್ನು ಕೂಡಿಟ್ಟು ಹಳೆಯ ಲ್ಯಾಪ್‌ಟಾಪ್ ಕೊಂಡು, ಟಿಪ್ಪಣಿ ಅರ್ಜಿಗಳೆಲ್ಲವನ್ನೂ ಅದರಲ್ಲಿಯೇ ನಡೆಸುವ ನಮ್ಮಂಥವರಿಗೆ ಈ ಅವಸರದ ತೀರ್ಪು ಬಹಳ ದುಬಾರಿ. ಇತಿಹಾಸ ಓದುವವನಿಗೆ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ನನಗಿಂತ ಮುಂಚೆ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ; ಅಂಗಡಿಯವರ ಮಾತು ದಿಟವೋ ಸಟೆಯೋ ಎಂದು ವಿಚಾರಿಸೋಣವೆಂದರೆ ಬಲ್ಲವರು ಯಾರೂ ಇಲ್ಲ. ಆದುದರಿಂದ ನಾನೇ ಓದಿ ತಿಳಿಯಬೇಕಾಯಿತು.

ಎಸ್.ಎಸ್.ಡಿ.ಯಲ್ಲಿ ತಿರುಗುವ ತಟ್ಟೆಯಿಲ್ಲ. ಫ್ಲ್ಯಾಷ್ ಚಿಪ್ಪಿನ ಸೂಕ್ಷ್ಮ ಕೋಶಗಳಲ್ಲಿ ವಿದ್ಯುದಾವೇಶವನ್ನು ಹಿಡಿದಿಟ್ಟು ಅದು ಮಾಹಿತಿಯನ್ನು ಕಾಪಾಡುತ್ತದೆ. ಬರೆಯುವುದು ಕೆಲವೇ ಕಿಲೋಬೈಟುಗಳ ಪುಟಗಳಲ್ಲಿ. ಅಳಿಸುವುದಾದರೋ ನೂರಾರು ಪುಟಗಳು ಕೂಡಿದ ಬ್ಲಾಕುಗಳಲ್ಲಿ ಮಾತ್ರ. ಒಂದು ಸ್ಲೇಟನ್ನು ಊಹಿಸಿಕೊಳ್ಳಿ. ಅದರ ಮೇಲೆ ಒಂದು ಸಾಲನ್ನು ಮಾತ್ರ ಒರೆಸುವಂತಿಲ್ಲ, ಒರೆಸಿದರೆ ಇಡೀ ಸ್ಲೇಟನ್ನೇ ತೊಳೆಯಬೇಕು. ಆಗ ಉಳಿಸಿಕೊಳ್ಳಬೇಕಾದ ಸಾಲುಗಳನ್ನು ಮೊದಲು ಬೇರೊಂದು ಖಾಲಿ ಸ್ಲೇಟಿಗೆ ಇಳಿಸಿಕೊಳ್ಳದೆ ಗತ್ಯಂತರವಿಲ್ಲ. ಖಾಲಿ ಸ್ಲೇಟುಗಳು ಸಾಕಷ್ಟಿರುವವರೆಗೆ ಕೆಲಸ ಸರಾಗ. ಡ್ರೈವು ಕಂಠಮಟ್ಟ ತುಂಬಿದರೆ ಪ್ರತಿಯೊಂದು ಸಣ್ಣ ಬರಹಕ್ಕೂ ಈ ನಕಲು ತೊಳೆತಗಳ ಗಲಾಟೆ. ವೇಗ ಕುಸಿಯುವುದಕ್ಕೆ ಇದೇ ಮುಖ್ಯ ಕಾರಣ.

ಇನ್ನೊಂದು ಸಂಗತಿಯೂ ಉಂಟು. ನಾವು ಕಡತವನ್ನು ಅಳಿಸಿದಾಗ ವಿಂಡೋಸ್ ತನ್ನ ಪಟ್ಟಿಯಿಂದ ಅದರ ಹೆಸರನ್ನು ತೆಗೆಯುತ್ತದೆ. ಆ ಜಾಗ ಬೇಡವಾಯಿತೆಂಬುದು ಡ್ರೈವಿಗೆ ತಾನಾಗಿ ತಿಳಿಯದು. ತಿಳಿಸುವ ಆಜ್ಞೆಯೇ 'ಟ್ರಿಮ್'. ವಿಂಡೋಸ್‌ನಲ್ಲಿ ಇದು ಬಂದದ್ದು ೨೦೦೯ರಲ್ಲಿ ಹೊರಟ ವಿಂಡೋಸ್ ೭ರೊಡನೆ. ಇದು ಚಾಲ್ತಿಯಲ್ಲಿದೆಯೇ ಎಂಬುದನ್ನು ಕಮ್ಯಾಂಡ್ ಪ್ರಾಂಪ್ಟಿನಲ್ಲಿ ಕೇಳಿ ತಿಳಿಯಬಹುದು: 'ಡಿಸೇಬಲ್ ಡಿಲೀಟ್ ನೋಟಿಫೈ' ಎಂಬುದರ ಮುಂದೆ ಸೊನ್ನೆ ಬಂದರೆ ಚಾಲ್ತಿಯಲ್ಲಿದೆ ಎಂದರ್ಥ. (ಇಂಥ ತಲೆಕೆಳಗಾದ ಹೆಸರನ್ನು ಇಟ್ಟ ಪುಣ್ಯಾತ್ಮರು ಯಾರೋ!) ಅಂಗಡಿಗಳಲ್ಲಿ ಫಾರ್ಮ್ಯಾಟ್ ಮಾಡಿದೊಡನೆ ಯಂತ್ರ ಚುರುಕಾಗುವುದುಂಟು. ಆದರೆ ಫಾರ್ಮ್ಯಾಟ್ ಮಾಡುವಾಗ ವಿಂಡೋಸ್ ಇಡೀ ಜಾಗಕ್ಕೆ ಟ್ರಿಮ್ ಕಳುಹಿಸುತ್ತದೆ. ಎಷ್ಟೋ ವೇಳೆ ಗುಣ ಕೊಟ್ಟದ್ದು ಆ ಟ್ರಿಮ್. ಬೇಡವಾದುದನ್ನು ಅಳಿಸಿ, 'ಆಪ್ಟಿಮೈಸ್' ಎಂಬ ಗುಂಡಿಯೊತ್ತಿ, ಯಂತ್ರವನ್ನು ಕೆಲವು ಗಂಟೆ ಸುಮ್ಮನೆ ಬಿಟ್ಟಿದ್ದರೆ ಅದೇ ಫಲ ಸಿಗುತ್ತಿತ್ತು, ಮೂರು ವರ್ಷದ ಟಿಪ್ಪಣಿಗಳೂ ಉಳಿಯುತ್ತಿದ್ದವು. ಹಳೆಯ ಹಾರ್ಡ್‌ಡಿಸ್ಕಿಗೆ ಮಾಡುತ್ತಿದ್ದ ಡಿಫ್ರಾಗ್ ಮಾತ್ರ ಇಲ್ಲಿ ಬೇಡ. ಅದು ವೃಥಾ ಸವೆತ.

ಪರೀಕ್ಷೆಯೆಂದರೆ ಯಾವುದೋ ಒಂದು ಪರೀಕ್ಷೆಯಲ್ಲ ಎಂಬುದಕ್ಕೆ ಸ್ಯಾಮ್‌ಸಂಗ್ ೮೪೦ ಇವೊ ಡ್ರೈವಿನ ಪ್ರಕರಣವನ್ನು ನೋಡಬೇಕು. ೨೦೧೪ರಲ್ಲಿ ಅದನ್ನು ಬಳಸುತ್ತಿದ್ದವರು ಒಂದು ವಿಚಿತ್ರವನ್ನು ಕಂಡರು: ಹೊಸ ಕಡತಗಳು ತಟ್ಟನೆ ತೆರೆಯುತ್ತವೆ, ತಿಂಗಳುಗಟ್ಟಲೆ ಮುಟ್ಟದ ಕಡತಗಳು ತೆವಳುತ್ತವೆ. ವೇಗವನ್ನಳೆಯುವ ಸಾಮಾನ್ಯ ತಂತ್ರಾಂಶಗಳು ಆಗತಾನೆ ತಾವೇ ಬರೆದುದನ್ನು ಓದಿ ಅಂಕ ಕೊಡುತ್ತವೆ. ಆದ್ದರಿಂದ ಅವಕ್ಕೆ ಈ ರೋಗ ಕಾಣಲೇ ಇಲ್ಲ! ಒಂದೊಂದು ಕೋಶದಲ್ಲಿ ಮೂರು ಬಿಟ್ಟುಗಳನ್ನು ಇಡುವ ಆ ಚಿಪ್ಪಿನಲ್ಲಿ ಆವೇಶವು ಕಾಲಕ್ರಮದಲ್ಲಿ ಸರಿದು, ಡ್ರೈವು ಮತ್ತೆ ಮತ್ತೆ ಓದಿ ಸರಿಪಡಿಸಿಕೊಳ್ಳಬೇಕಾಗುತ್ತಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಬಂದ ಪರಿಹಾರ ಹಲವರಿಗೆ ನಿಲ್ಲಲಿಲ್ಲ. ಹಳೆಯ ಮಾಹಿತಿಯನ್ನು ಆಗಾಗ ತಾನೇ ಪುನಃ ಬರೆದುಕೊಳ್ಳುವ ಫರ್ಮ್‌ವೇರ್ ೨೦೧೫ರ ಏಪ್ರಿಲಿನಲ್ಲಿ ಬಂದಿತು. ಯಾರೂ ಹೊಸ ಚಿಪ್ಪು ಹಾಕಲಿಲ್ಲ.

ದೋಷ ಕೆಲವೊಮ್ಮೆ ಡ್ರೈವಿನದೇ ಅಲ್ಲ. ಸೆಕೆಂಡಿಗೆ ಸುಮಾರು ೫೫೦ ಮೆಗಾಬೈಟು ಓದಬಲ್ಲ ಸಾಟಾ ಡ್ರೈವನ್ನು ಹಿಂದಿನ ತಲೆಮಾರಿನ ಕಿಂಡಿಗೆ ಸಿಕ್ಕಿಸಿದರೆ ಅರ್ಧ ವೇಗವೇ ಗತಿ. ಮೆಮೊರಿ ಸಾಲದಿರಬಹುದು, ಕಾವು ಏರಿರಬಹುದು. ನಿಜವಾಗಿಯೂ ಸಾಯುತ್ತಿರುವ ಡ್ರೈವುಗಳೂ ಇವೆ, ಇಲ್ಲವೆನ್ನಲಾರೆ. ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ತಂತ್ರಾಂಶ ಅದರ ಆರೋಗ್ಯವನ್ನು ತೋರಿಸುತ್ತದೆ. ಕೆಟ್ಟ ಬ್ಲಾಕುಗಳ ಎಣಿಕೆ ದಿನೇ ದಿನೇ ಏರುತ್ತಿದ್ದರೆ ಚಿಕಿತ್ಸೆಯ ಆಸೆ ಬಿಟ್ಟು ಕಡತಗಳನ್ನು ಕೂಡಲೆ ಬೇರೆಡೆಗೆ ಸಾಗಿಸತಕ್ಕದ್ದು.

ನಮ್ಮ ಪ್ರಯೋಗಶಾಲೆಯ ಮೂಲೆಯಲ್ಲಿ ಬಟ್ಟೆ ಹೊದಿಸಿ ಇಟ್ಟಿರುವ ಮೂರು ಯಂತ್ರಗಳನ್ನು ಈ ವರ್ಷ ವಿಲೇವಾರಿ ಪಟ್ಟಿಗೆ ಸೇರಿಸುವರೆಂದು ಕೇಳಿದ್ದೇನೆ. ಎರಡು ವಿಭಾಗದ ವಿದ್ಯಾರ್ಥಿಗಳು ಒಂದೊಂದು ಯಂತ್ರದ ಮುಂದೆ ಸರದಿ ಕಾಯುತ್ತಿರುವಾಗ ಇದು ಸಲ್ಲದು. ಪಟ್ಟಿಗೆ ಸಹಿ ಬೀಳುವ ಮುನ್ನ ಒಂದು ಶನಿವಾರ ಮಧ್ಯಾಹ್ನ ಆ ಕೋಣೆಯನ್ನು ತೆರೆದುಕೊಟ್ಟರೆ, ಅವುಗಳ ಖಾಲಿ ಜಾಗ, ಟ್ರಿಮ್, ಆರೋಗ್ಯ, ಹಳೆಯ ಕಡತ ಓದುವ ವೇಗ, ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಲು ನಾವು ನಾಲ್ವರು ಸಿದ್ಧರಿದ್ದೇವೆ. ಪ್ರಾಂಶುಪಾಲರು ಅನುಮತಿ ನೀಡಬೇಕೆಂದು ಈ ಪುಟಗಳ ಮೂಲಕವೇ ಬಿನ್ನವಿಸಿಕೊಳ್ಳುತ್ತೇನೆ.