ತಕ್ಕಡಿಯ ಇನ್ನೊಂದು ತಟ್ಟೆ

ಗೆದ್ದವರು ಕಮಾನು ಕಟ್ಟಿಸುತ್ತಾರೆ. ಸೋತವರು ಅದರ ಕಲ್ಲು ಹೊರುತ್ತಾರೆ. ರೋಮಿನಿಂದ ಹಂಪಿಯವರೆಗೆ ಇದೇ ಕತೆ. ಆದರೆ ಗೆಳೆಯರೇ, ಆ ಕಮಾನಿಗೂ ಈ ಕಮಾನಿಗೂ ಒಂದು ವ್ಯತ್ಯಾಸ ಇದೆ. ನಮ್ಮನ್ನು ಇಷ್ಟು ಕಾಲ ಯಾಮಾರಿಸಿದ ಗುಟ್ಟು ಇರೋದು ಆ ವ್ಯತ್ಯಾಸದಲ್ಲಿ.

ಫ್ರಾನ್ಸಿನ ದಕ್ಷಿಣಕ್ಕೆ ಒರಾಂಜ್ ಎಂಬ ಹಳೇ ಊರು. ರೋಮನ್ನರು ಸುಮಾರು 2000 ವರ್ಷಗಳ ಹಿಂದೆ ಅಲ್ಲಿ ನಿಲ್ಲಿಸಿದ ಮೂರು ಬಾಗಿಲಿನ ವಿಜಯ ಕಮಾನು ಇವತ್ತಿಗೂ ಇದೆ. ಅದರ ಮೈಮೇಲೆ ಸಂಕೋಲೆ ಬಿಗಿಸಿಕೊಂಡ ಗಾಲ್ ಜನ ಇದ್ದಾರೆ. ಅವರಿಂದ ಕಿತ್ತುಕೊಂಡ ಗುರಾಣಿ, ಕತ್ತಿಗಳ ರಾಶಿ ಇದೆ. ರೋಮನ್ನರು ನಾಚಿಕೆಗೆಟ್ಟವರು. ಹೊಡೆದೆವು, ಕಟ್ಟಿಹಾಕಿದೆವು, ದೋಚಿದೆವು ಅಂತ ಕಲ್ಲಲ್ಲೇ ಹೇಳಿಕೊಂಡರು. ಯಾರು ಯಾರನ್ನು ಕಟ್ಟಿದರು ಎಂಬುದು ನೋಡಿದವನಿಗೆ ತಿಳಿಯುತ್ತೆ.

ನಮ್ಮ ದೊರೆಗಳು ಅಷ್ಟು ದಡ್ಡರಲ್ಲ.

ಡಿಸೆಂಬರ್ ಬಂತೆಂದರೆ ನಮ್ಮ ಕ್ಯಾತ್ಸಂದ್ರದ ಹೆದ್ದಾರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು. ಶಿರಾ, ಹಿರಿಯೂರು, ಚಿತ್ರದುರ್ಗ ದಾಟಿ ಹಂಪಿಗೆ. ನಾನೂ ಹೋಗಿ ನೋಡಿ ಬಂದಿದ್ದೇನೆ. ವಿಠ್ಠಲ ದೇವಸ್ಥಾನದ ಹತ್ತಿರ ಒಂದು ಕಮಾನಿನ ಮುಂದೆ ಮಕ್ಕಳನ್ನು ನಿಲ್ಲಿಸುತ್ತಾರೆ. ಸುಮಾರು 15 ಅಡಿಯ ಎರಡು ಕಲ್ಲುಕಂಬ, ಮೇಲೆ ಅಡ್ಡ ತೊಲೆ, ತೊಲೆಯ ತಳದಲ್ಲಿ ಮೂರು ಕಲ್ಲುಬಳೆ. ಅದೇ ರಾಜನ ತುಲಾಭಾರ. ಗ್ರಹಣ, ಹಬ್ಬದಂಥ ದಿನ ಆ ಬಳೆಗಳಿಗೆ ತಕ್ಕಡಿ ತೂಗುಹಾಕಿ, ಒಂದು ತಟ್ಟೆಯಲ್ಲಿ ದೊರೆ, ಇನ್ನೊಂದರಲ್ಲಿ ಚಿನ್ನ. ತೂಗಿದ ಚಿನ್ನ ಬ್ರಾಹ್ಮಣರಿಗೆ ದಾನ. ಹೀಗೆಂದು ಪ್ರತೀತಿ. ಮೇಷ್ಟ್ರು “ಎಂಥ ದಾನಶೂರ ನೋಡ್ರೋ” ಅನ್ನುತ್ತಾರೆ. ಮಕ್ಕಳು ಬರೆದುಕೊಳ್ಳುತ್ತವೆ.

ಚಿನ್ನ ಎಲ್ಲಿಂದ ಬಂತು ಸ್ವಾಮಿ?

ಕೃಷ್ಣದೇವರಾಯ ಒರಿಸ್ಸಾದ ಗಜಪತಿಯ ಮೇಲೆ ದಂಡೆತ್ತಿ ಹೋಗಿ ಉದಯಗಿರಿ ಕೋಟೆ ಗೆದ್ದ. ಅಲ್ಲಿಂದ ಬಾಲಕೃಷ್ಣನ ವಿಗ್ರಹ ತಂದು 1515ರಲ್ಲಿ ಹಂಪಿಯಲ್ಲಿ ಪ್ರತಿಷ್ಠೆ ಮಾಡಿಸಿ ಶಾಸನ ಹಾಕಿಸಿದ. ದೇವರೂ ಕೊಳ್ಳೆಯ ಮಾಲೇ. ಮಹಾನವಮಿ ದಿಬ್ಬವನ್ನು 1520ರ ಸುಮಾರಿಗೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅದನ್ನು ಕರೆದದ್ದೇ ವಿಜಯದ ಮನೆ ಎಂದು. ಇದು ಯುದ್ಧದ ಗಳಿಕೆ. ಶಾಂತಿಕಾಲದ ಗಳಿಕೆ? 1535ರ ಸುಮಾರಿನಲ್ಲಿ ಬರೆದ ಕುದುರೆ ವ್ಯಾಪಾರಿ ನ್ಯೂನಿಜ್ ಅದರ ಲೆಕ್ಕವನ್ನೂ ಕೊಟ್ಟಿದ್ದಾನೆ. ನೆಲವೆಲ್ಲ ದೊರೆಯದು, ನಾಯಕರು ಅವನಿಂದ ಪಡೆದು ಒಕ್ಕಲಿಗೆ ಬಿಡುತ್ತಾರೆ, ಒಕ್ಕಲಿನವನು ಹತ್ತರಲ್ಲಿ ಒಂಬತ್ತು ಪಾಲು ಒಡೆಯನಿಗೆ ಅಳೆಯಬೇಕು. ಈ ಲೆಕ್ಕ ಕೊಂಚ ಹೆಚ್ಚಾಯಿತೆಂದು ಪಂಡಿತರು ಹೇಳಬಹುದು. ಆಗಲಿ, ಅರ್ಧ ಅಂತಲೇ ಇಟ್ಟುಕೊಳ್ಳೋಣ. ಬಿತ್ತಿ ಬೆಳೆದವನ ಗತಿಯೇ ಇದಾದರೆ, ಅವನ ಹೊಲದ ಬದುವಿನಲ್ಲಿ ಕೂಳಿಗೆ ಕಾದು ನಿಂತವನಿಗೆ ಉಳಿದದ್ದೆಷ್ಟು?

ಹಾಗಾಗಿ ಆ ತಟ್ಟೆಯಲ್ಲಿ ಇದ್ದದ್ದು ಬರೀ ಚಿನ್ನ ಅಲ್ಲ. ಅಳೆದುಕೊಂಡ ಕಾಳು, ಇಳಿಸಿಕೊಂಡ ಬೆವರು. ಕಂಬದ ಬುಡದಲ್ಲಿ ರಾಜ ರಾಣಿಯರನ್ನು ಕೆತ್ತಿದ್ದಾರೆ. ತಟ್ಟೆ ತುಂಬಿದವನನ್ನು ಕೆತ್ತಿಲ್ಲ. ರೋಮನ್ ಕಮಾನಿನಲ್ಲಿ ಸಂಕೋಲೆ ಕಾಣುತ್ತೆ. ನಮ್ಮ ಕಮಾನಿನಲ್ಲಿ ಸಂಕೋಲೆಯೇ ಇಲ್ಲ, ದಾನ ಇದೆ! ಗೆಲುವನ್ನು ಗೆಲುವು ಅಂತ ಕರೆದರೆ ಸೋತವನು ಒಂದಲ್ಲ ಒಂದು ದಿನ ತಿರುಗಿ ಬೀಳುತ್ತಾನೆ. ದಾನ ಅಂತ ಕರೆದರೆ ಕೈಮುಗಿಯುತ್ತಾನೆ. ಇದು ಪುರೋಹಿತಶಾಹಿಯೂ ಅರಸೊತ್ತಿಗೆಯೂ ಕೂಡಿ ಕಂಡುಕೊಂಡ ಉಪಾಯ.

ತುಲಾಭಾರದ ಫೋಟೋ ಅವ್ವನಿಗೆ ತೋರಿಸಿದೆ. ಅಕ್ಷರ ಕಂಡವಳಲ್ಲ, ಜಲ್ಲಿ ಒಡೆದು ನನ್ನನ್ನು ಓದಿಸಿದವಳು. “ಆಪಾಟಿ ತೊಲೇನ ಮ್ಯಾಕೆತ್ತುವಾಗ ಅದೆಷ್ಟು ಜನ ಸೊಂಟ ಮುರ್ಕಂಡ್ರೋ” ಅಂದಳು. ಮೂರು ವರ್ಷದ ಬಿ.ಎ.ಯಲ್ಲಿ ಚರಿತ್ರೆಯ ಯಾವ ಪಾಠದಲ್ಲೂ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ.

“ಎಲ್ಲದರಲ್ಲೂ ಜಾತಿ ಹುಡುಕ್ತೀರಿ, ಕಲೆ ನೋಡಿ ಸಂತೋಷಪಡೋಕಾಗಲ್ವಾ?” ಎನ್ನುವ ರಸಿಕರಿದ್ದಾರೆ. ಆಗುತ್ತೆ. ಕಲ್ಲನ್ನು ಅಷ್ಟು ಹದ ಮಾಡಿದ್ದು ದೊರೆಯ ಕೈಯಲ್ಲ, ದುಡಿಯುವ ಕೈ. ಅದನ್ನು ನಾವು ಒಡೆಯುವುದಿಲ್ಲ, ಓದುತ್ತೇವೆ. ಅವರಿಗೆ ಸಂಕಟ ಶುರುವಾಗಿರೋದೂ ನಾವು ಓದೋಕೆ ಕಲಿತದ್ದರಿಂದಲೇ.

1565ರಲ್ಲಿ ವಿಜಯನಗರ ಹಾಳಾಯಿತು. ತಕ್ಕಡಿ ಹಾಳಾಗಲಿಲ್ಲ. ನಮ್ಮ ಸೀಮೆಯ ಊರಬಾಗಿಲ ಕಮಾನುಗಳನ್ನೇ ನೋಡಿ. ದಾನಿಗಳ ಹೆಸರು ಗ್ರಾನೈಟಿನಲ್ಲಿ ಕೂತಿರುತ್ತೆ. ಗಾರೆ ಹೊತ್ತವಳ ಹೆಸರಿರೋದಿಲ್ಲ. ಕಮಾನು ಊರಿಗೆ, ಕೇರಿ ಇನ್ನೂ ಆಚೆಗೆ. ಅಂಬೇಡ್ಕರ್ ಹೆಸರಿನಲ್ಲೊಂದು ಕಮಾನು ನಿಲ್ಲಿಸ್ತೀವಿ ಅಂದು ನೋಡಿ, ಎಷ್ಟೋ ಊರುಗಳಲ್ಲಿ ಅವತ್ತೇ ರಸ್ತೆಯ ಅಗಲ, ಪಂಚಾಯ್ತಿಯ ಪರವಾನಗಿ, ಊರಿನ ಶಾಂತಿ ಎಲ್ಲಾ ನೆನಪಾಗುತ್ತೆ.

ಹಾಸ್ಟೆಲಿನಲ್ಲಿ ಉಂಡು ಓದಿದ ನಮ್ಮನ್ನು “ಪುಕ್ಕಟೆ ಕೂಳಿನವರು” ಎಂದು ಹಂಗಿಸುವವರೂ ಇದೇ ತಕ್ಕಡಿಯ ವಾರಸುದಾರರು. ವಿದ್ಯಾರ್ಥಿ ಮಿತ್ರರೇ, ತಲೆ ತಗ್ಗಿಸಬೇಡಿ. ವಿದ್ಯಾರ್ಥಿವೇತನ, ಮೀಸಲಾತಿ ಯಾರ ದಾನವೂ ಅಲ್ಲ. ಸಂವಿಧಾನದ ಬಲದಿಂದ ಬಂದ ಹಕ್ಕು. ಇನ್ನೂ ನೇರವಾಗಿ ಹೇಳೋದಾದರೆ, ಬಾಕಿ. ನಮ್ಮವರು ಆ ತಟ್ಟೆಗೆ ಸುರಿದದ್ದರಲ್ಲಿ ವಾಪಸ್ ಬಂದ ಒಂದೇ ಒಂದು ಹಿಡಿ.

ಹಳ್ಳಿಯ ಮೇಷ್ಟ್ರುಗಳೇ, ಮಕ್ಕಳನ್ನು ಹಂಪಿಗೆ ಖಂಡಿತ ಕರೆದುಕೊಂಡು ಹೋಗಿ. ಆ ಕಮಾನಿನ ಮುಂದೆಯೇ ನಿಲ್ಲಿಸಿ. ದೊರೆ ಎಷ್ಟು ತೂಗುತ್ತಿದ್ದ ಅಂತ ಹೇಳಿಕೊಡಬೇಡಿ. ಇನ್ನೊಂದು ತಟ್ಟೆ ತುಂಬಿಸಿದವರು ಯಾರು, ಅವತ್ತು ರಾತ್ರಿ ಅವರ ಮನೇಲಿ ಒಲೆ ಹತ್ತಿತ್ತಾ ಅಂತ ಕೇಳಿ. ಕೇರಿಯ ಮಕ್ಕಳು ಹೇಳುತ್ತವೆ. ಈ ಸಲ ನೀವು ಬರೆದುಕೊಳ್ಳಿ.